ಆಯಿಲ್ ನೋಡುವ ಶಾಸ್ತ್ರ

ಬೀಳುವುದಿಲ್ಲ ಅನ್ನುತ್ತಿದೆ ಈ ಹನಿ, ಎಂಜಿನ್ನಿನ ಆಯಿಲ್ ಅಳೆಯುವ ಕಡ್ಡಿಯ ತುದಿಗೆ ಬಂದು ಜೋತುಬಿದ್ದಿದೆ, ದಪ್ಪವಾಗುತ್ತಿದೆ, ಕರ್ರಗೆ ಹೊಳೆಯುತ್ತಿದೆ, ಶೆಡ್ಡಿನ ತಗಡಿನ ತೂತಿನಿಂದ ಇಳಿದ ಬಿಸಿಲಿನ ಚೂರೊಂದು ಅದರೊಳಗೆ ಹೋಗಿ ಸಿಕ್ಕಿಕೊಂಡಿದೆ — ಕಪ್ಪಗಿದೆ, ಕಪ್ಪಗಿರಲೇಬೇಕು, ಡೀಸೆಲ್ ಎಂಜಿನ್ನಿಗೆ ಸುರಿದ ಜೇನಿನ ಬಣ್ಣದ ಹೊಸ ಆಯಿಲ್ ಒಂದು ಲೋಡು ಹೊತ್ತು ಬರುವಷ್ಟರಲ್ಲಿ ಮಸಿಯಾಗುತ್ತದೆ, ಒಳಗಿನ ಹೊಲಸನ್ನೆಲ್ಲ ತನ್ನ ಮೈಗೆ ಹಚ್ಚಿಕೊಳ್ಳುವುದೇ ಅದರ ಕೆಲಸ, ಅದಕ್ಕೇ ಅಪ್ಪ ಹೇಳುತ್ತಿದ್ದ, ಸೆಂಗೋಡಾ, ಕಪ್ಪಾಗೋ ಆಯಿಲ್‌ಗೆ ಹೆದರಬೇಡ, ಬೆಳ್ಳಗಾಗೋ ಆಯಿಲ್‌ಗೆ ಹೆದರು ಅಂತ, ಹೇಳಿ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದ, ಇದು ಬೆಳ್ಳಗಿಲ್ಲ, ಹೆದರುವಂಥದ್ದೇನೂ ಕಣ್ಣಿಗೆ ಕಾಣುತ್ತಿಲ್ಲ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದೆ, ತರಿಯಿಲ್ಲ, ಲೋಹದ ಪುಡಿ ಹೊಳೆಯುತ್ತಿಲ್ಲ, ನುಣ್ಣಗೆ ಜಾರುತ್ತದೆ, ಆಮೇಲೆ ಬೆರಳನ್ನು ಮೂಗಿಗೆ ಹಿಡಿದೆ, ಹಿಡಿಯಬಾರದಿತ್ತು. ಬೇವು. ಎಂಜಿನ್ನಿನೊಳಗಿಂದ ಬೇವಿನೆಣ್ಣೆಯ ವಾಸನೆ ಬರುವುದು ಹೇಗೆ, ಇದೇನು ಲಾರಿಯೋ ತಲೆ ಬಾಚಿಸಿಕೊಳ್ಳುವ ಮುದುಕಿಯೋ, ಮತ್ತೊಮ್ಮೆ ಮೂಸಿದೆ, ಹೌದು, ಸಣ್ಣಗೆ, ಕಹಿಯಾಗಿ, ಡೀಸೆಲ್ಲಿನ ಮಸಿವಾಸನೆಯ ಅಡಿಯಲ್ಲಿ ಅಡಗಿ ಕೂತಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

ನೋಡಲಿ, ನೋಡುವುದಕ್ಕೆಂದೇ ಬಂದಿದ್ದಾರಲ್ಲ, ಹೆಣ್ಣು ನೋಡುವ ಶಾಸ್ತ್ರದ ಹಾಗೆ ನಮ್ಮ ಸಂಕಗಿರಿಯಲ್ಲಿ ಆಯಿಲ್ ನೋಡುವ ಶಾಸ್ತ್ರ, ಹಳೇ ಲಾರಿ ಕೈ ಬದಲಾಗುವ ದಿನ ಕೊಳ್ಳುವವರ ಕಡೆಯ ಹಿರಿಯನೊಬ್ಬ ಬರಬೇಕು, ಕಡ್ಡಿ ಎಳೆಯಬೇಕು, ಉಜ್ಜಿ ಮೂಸಿ ನೋಡಬೇಕು, ಒಪ್ಪಿಗೆಯಾದರೆ ಆ ಕಡ್ಡಿಯನ್ನು ಹೆಗಲಿನ ಬಿಳೀ ಟವಲಿಗೆ ಒರೆಸಬೇಕು, ಒರೆಸಿದರೆ ಮುಗಿಯಿತು, ಲಾರಿ ನಿಮ್ಮದು, ಆಮೇಲೆ ಹೊಟ್ಟೆ ಹರಿದರೂ ಕಾಲು ಮುರಿದರೂ ಕೊಟ್ಟವನನ್ನು ಕೇಳುವಂತಿಲ್ಲ. ಪೂವರಸನ್ ತಟ್ಟೆ ಹಿಡಿದು ನಿಂತಿದ್ದಾನೆ, ವೀಳ್ಯದೆಲೆ, ಬಾಳೆಹಣ್ಣು, ತೆಂಗಿನಕಾಯಿ, ಚಕ್ರದಡಿಗೆ ಇಡಲು ನಿಂಬೆಹಣ್ಣು, ನನ್ನ ತಂಗಿಯ ಮಗ, ಊರೂರಿನವರ ಲಾರಿಗಳನ್ನು ಓಡಿಸಿ ಓಡಿಸಿ ಈಗ ಸ್ವಂತದ್ದೊಂದು ಆಗುತ್ತದೆ ಅನ್ನುವ ಸಂಭ್ರಮಕ್ಕೆ ಬೆಳಿಗ್ಗೆ ಎದ್ದು ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಬಂದಿದ್ದಾನೆ, ಅವನ ಪಕ್ಕದಲ್ಲಿ ಅವನಮ್ಮ ಪಾವಾಯಿ, ಗಂಡ ಸತ್ತಂದಿನಿಂದ ಉಡುವ ಬಿಳೀ ಸೀರೆ, ತಟ್ಟೆ ತಾನು ಮುಟ್ಟಬಾರದು ಅಂತ ಕೈ ಹಿಂದೆ ಕಟ್ಟಿಕೊಂಡಿದ್ದಾಳೆ, ಬಂಪರ್ರಿಗೆ ಒರಗಿ ಅಣ್ಣ ನಾಚಿಮುತ್ತು, ಲಾರಿಯ ಯಜಮಾನ, ಶೆಡ್ಡಿನ ಯಜಮಾನ, ನಾನು ಮಲಗುವ ಕೋಣೆಯ ಯಜಮಾನ, ಗರಿಗರಿ ಪಂಚೆ, ಹಣೆಗೆ ವಿಭೂತಿ, ಮುಖದಲ್ಲಿ ಆ ನಗು. ಕಡ್ಡಿ ಎಳೀ ತಮ್ಮಾ, ಚೆನ್ನಾಗಿ ನೋಡು, ನಾಳೆ ಯಾರೂ ಮಾತಾಡಬಾರದು ಅಂದ, ಅವನೇ ಅಂದ, ಪಾವಾಯಿ ಬೇಡ ಬೇಡ ದೊಡ್ಡಣ್ಣ ನಿನ್ನ ಲಾರಿಗೆ ಯಾಕೆ ಅಂದರೂ ಕೇಳಲಿಲ್ಲ, ಅವಳ ಕಣ್ಣಲ್ಲಿ ನೀರು ಬಂತು, ಎಂಥ ಮನಸ್ಸು ನನ್ನ ದೊಡ್ಡಣ್ಣನದು ಅಂತ.

ಒಡಹುಟ್ಟಿದವರ ಲಾರಿಗೆ ಕಡ್ಡಿ ಎಳೆಯುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ, ಎಳೆದರೆ ಅವಮಾನ, ಮುಖಕ್ಕೆ ಉಗಿದ ಹಾಗೆ, ನನಗೆ ಇದು ಗೊತ್ತಿಲ್ಲವೆ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅಪ್ಪ ಸತ್ತು ಪಾಲಾದ ದಿನ ಇದೇ ಶೆಡ್ಡಿನ ಮುಂದೆ ಎರಡು ಲಾರಿ ನಿಂತಿದ್ದವು, ಒಂದು ಹೊಸದು ಅನ್ನುವಂಥದ್ದು, ಇನ್ನೊಂದು ಅಪ್ಪ ಓಡಿಸುತ್ತಿದ್ದ ಮುದಿ ಲಾರಿ, ನೆಂಟರೆಲ್ಲ ಹುಣಸೆಮರದ ಕೆಳಗೆ ಕೂತಿದ್ದರು, ಅಣ್ಣ ಎದ್ದು ನಿಂತು ಅಂದ, ಹೊಸದು ತಮ್ಮನಿಗೆ ಇರಲಿ, ನಾನು ದೊಡ್ಡವನು, ಹಳೇದರಲ್ಲಿ ಹೇಗೋ ಆಗುತ್ತೆ — ನೆಂಟರೆಲ್ಲ ತಲೆದೂಗಿದರು, ಒಬ್ಬ ಮುದುಕನಂತೂ ಮೂಗೇ ಒರೆಸಿಕೊಂಡ, ನಾನು ಸುಮ್ಮನೆ, ಅಭ್ಯಾಸಬಲ, ಎಂಜಿನ್ನಿನ ಹತ್ತಿರ ಹೋಗಿ ಕಡ್ಡಿಗೆ ಕೈ ಹಾಕಿದೆ, ಹಾಕಿದ್ದಷ್ಟೇ, ಅಣ್ಣನ ಮುಖ ಇಳಿಯಿತು, ಒಡಹುಟ್ಟಿದವನ ಲಾರಿಗೆ ಕಡ್ಡಿ ಎಳೀತೀಯೇನೋ ಅಂದ, ಇವಳು, ಈ ಪಾವಾಯಿ, ಆಗ ಬಣ್ಣದ ಸೀರೆಯ ಪಾವಾಯಿ, ಓಡಿ ಬಂದು ನನ್ನ ರಟ್ಟೆ ಹಿಡಿದಳು, ಸಣ್ಣಣ್ಣ, ನೆಂಟರ ಮುಂದೆ ಮರ್ಯಾದೆ ತೆಗೀಬೇಡ, ಕೈ ತೆಗಿ. ತೆಗೆದೆ. ಕಡ್ಡಿ ಒಳಗೇ ಉಳಿಯಿತು. ಒಂದು ಕಡ್ಡಿ, ಒಂದು ಮೊಳ ಉದ್ದದ ಕಬ್ಬಿಣದ ಕಡ್ಡಿ, ಅದನ್ನು ಅವತ್ತು ಎಳೆದಿದ್ದರೆ ನನ್ನ ಬದುಕು ಬೇರೆ ಇರುತ್ತಿತ್ತು, ಇದನ್ನು ಎಷ್ಟು ಸಲ ಹೇಳಿಕೊಂಡಿದ್ದೇನೆ, ಸ್ನಾನ ಮಾಡುವಾಗ, ಉಣ್ಣುವಾಗ, ಹೆಂಡತಿ ತಂಗಾಯಿ ಅನ್ನುತ್ತಾಳೆ, ಮತ್ತೆ ತುಟಿ ಅಲ್ಲಾಡಿಸ್ತಿದ್ದೀಯ, ಮುದುಕನಾಗಿಬಿಟ್ಟೆ ನೀನು, ಅನ್ನ ಆರುತ್ತೆ ಉಣ್ಣು ಅಂತ.

ಹನಿ ಇನ್ನೂ ಬಿದ್ದಿಲ್ಲ, ಕಡ್ಡಿಯನ್ನು ಸ್ವಲ್ಪ ಓರೆ ಮಾಡಿದೆ, ಹನಿ ಹಿಂದಕ್ಕೆ ಜಾರಿ ಕಡ್ಡಿಗೆ ಅಂಟಿಕೊಂಡಿತು, ಬೇವು ಎಲ್ಲಿಂದ ಬಂತು ಅಂತ ನನಗೆ ಗೊತ್ತು, ಇಡೀ ಶೆಡ್ಡಿನಲ್ಲಿ ನನಗೊಬ್ಬನಿಗೇ ಗೊತ್ತು, ಹಿಂದಿನ ಗೋಡೆಗೆ ಒತ್ತಿ ಇಟ್ಟಿರುವ ನೀಲಿ ಡ್ರಮ್ಮು, ಬಂದ ಲಾರಿಗಳಿಂದ ಬಸಿದ ಹಳೇ ಆಯಿಲ್ಲನ್ನೆಲ್ಲ ಅದಕ್ಕೆ ಸುರಿಯುತ್ತೇನೆ, ಅದರಲ್ಲಿ ಬೇವಿನೆಣ್ಣೆ ಬೆರೆಸಿ ಲಾರಿಗಳ ಹಲಗೆಗೆ ಬಳಿಯುತ್ತೇನೆ, ಗೆದ್ದಲು ಹತ್ತುವುದಿಲ್ಲ, ಬೇವು ಹಾಕುವುದು ನನ್ನದೇ ಉಪಾಯ, ಯಾರಿಗೂ ಹೇಳಿದ್ದಿಲ್ಲ, ಹೇಳಿದರೆ ಬೇವಿನೆಣ್ಣೆಗೆ ದುಡ್ಡು ಸುರಿಯುತ್ತೀಯೇನೋ ಅಂತ ಅಣ್ಣ ಬಾಯಿ ಮಾಡುತ್ತಿದ್ದ, ಅಣ್ಣ ಹಲಗೆಗೆ ಕೈ ಹಚ್ಚಿ ಎಷ್ಟು ಕಾಲವಾಯಿತು, ಡ್ರಮ್ಮಿನಲ್ಲಿ ಏನಿದೆ ಅಂತ ಅವನಿಗೇನು ಗೊತ್ತು, ಕರ್ರಗಿದೆ, ಗಟ್ಟಿಯಾಗಿದೆ, ಅಷ್ಟು ಸಾಕು ಅವನಿಗೆ. ಹೊಸ ಆಯಿಲ್ ಸುರಿದಿದ್ದರೆ ಜೇನಿನ ಬಣ್ಣ ಕಂಡು ಯಾರಾದರೂ ಕೇಳುತ್ತಿದ್ದರು, ಮಾರೋ ಹೊತ್ತಿಗೆ ಯಾಕಪ್ಪ ಆಯಿಲ್ ಬದಲಾಯಿಸಿದೆ, ಒಳಗಡೆ ಏನಿತ್ತು ಅಂತ, ಕಪ್ಪಗಿದ್ದರೆ ಯಾರೂ ಕೇಳುವುದಿಲ್ಲ, ಕಪ್ಪು ಅಂದರೆ ದುಡಿಯುವ ಎಂಜಿನ್, ಆರೋಗ್ಯದ ಎಂಜಿನ್, ಅಣ್ಣನ ಬುದ್ಧಿಗೆ ಕೈ ಮುಗಿಯಬೇಕು, ಅದಕ್ಕೇ ನಿನ್ನೆ ನನ್ನನ್ನು ಈರೋಡಿಗೆ ಅಟ್ಟಿದ, ಬೇರಿಂಗ್ ತಗೊಂಡು ಬಾ, ನಿಧಾನಕ್ಕೆ ಬಾ, ಊಟ ಮಾಡಿಕೊಂಡೇ ಬಾ, ಯಾವತ್ತೂ ಊಟದ ಮಾತೆತ್ತದವನು, ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ, ಊಟ ಅಂದ ಕೂಡಲೇ ಹಲ್ಲು ಕಿರಿದುಕೊಂಡು ಹೋದೆ, ಬಾಳೆಲೆಯ ತುಂಬ ಅನ್ನ ಹಾಕಿಸಿಕೊಂಡೆ, ಅಷ್ಟರಲ್ಲಿ ಇಲ್ಲಿ ಈ ಎಂಜಿನ್ನಿನದ್ದನ್ನು ಬಸಿದು ಎಲ್ಲೋ ಚೆಲ್ಲಿ ನನ್ನ ಡ್ರಮ್ಮಿನದ್ದನ್ನು ಸುರಿದಿದ್ದಾರೆ. ಒಳಗೆ ಏನಿತ್ತು ಅಂತ ನಾನು ನೋಡಬೇಕಾಗಿಲ್ಲ, ಈ ಲಾರಿಯನ್ನು ಇತ್ತೀಚಿನವರೆಗೂ ಓಡಿಸುತ್ತಿದ್ದ ಡ್ರೈವರ್ ಚಹಾದ ಅಂಗಡಿಯಲ್ಲಿ ನನ್ನ ಹತ್ತಿರ ಹೇಳಿದ್ದ, ಅಣ್ಣಾ, ರೇಡಿಯೇಟರ್‌ಗೆ ಎಷ್ಟು ನೀರು ಹಾಕಿದ್ರೂ ಕಡಿಮೆ ಆಗುತ್ತೆ, ಕೆಳಗಡೆ ಒಂದು ತೊಟ್ಟೂ ಬೀಳಲ್ಲ, ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ — ನನಗೆ ಗೊತ್ತಿತ್ತು ಎಲ್ಲಿಗೆ ಹೋಗುತ್ತದೆ ಅಂತ, ಮಾರನೆಯ ವಾರ ಆ ಡ್ರೈವರ್ರನ್ನು ಕೆಲಸದಿಂದ ಬಿಡಿಸಿದರು, ಲಾರಿಗೆ ತಾಡಪಾಲು ಹೊದಿಸಿ ಮೂಲೆಗೆ ನಿಲ್ಲಿಸಿದರು.

ನೀರು ಆಯಿಲ್‌ಗೆ ಹೋಗುತ್ತದೆ, ಹೆಡ್ ಗ್ಯಾಸ್ಕೆಟ್ ಸುಟ್ಟರೆ, ಎಂಜಿನ್ನಿನ ಮೇಲ್ಮುಚ್ಚಳದ ಹೆಡ್ಡು ಸೀಳಿದರೆ, ನೀರೂ ಆಯಿಲ್ಲೂ ಒಂದಾಗಿ ಹಾಲು ಕಾಫಿಯಾಗುತ್ತದೆ, ನೊರೆನೊರೆಯಾಗಿ, ನೋಡಿದರೆ ಕುಡಿಯಬೇಕು ಅನ್ನಿಸುವಷ್ಟು ಚೆಂದ, ತೊಪ್ಪೂರು ಘಾಟಿಯಲ್ಲಿ ನನ್ನ ಕೈಯಲ್ಲಿದ್ದ ಕಡ್ಡಿಯ ತುಂಬ ಹಾಲು ಕಾಫಿ, ಹಿಂದೆ ಲಾರಿಯ ತುಂಬ ಸಾಬಕ್ಕಿ ಮೂಟೆ, ಸೇಲಂನಲ್ಲಿ ಹೇರಿದ್ದು, ಅದು ಪಾಲಿಗೆ ಬಂದ ನನ್ನ ಸ್ವಂತ ಲಾರಿಯ ಮೊದಲ ಲೋಡು, ಏರು ಹತ್ತುತ್ತ ಹತ್ತುತ್ತ ಬಿಳೀ ಹೊಗೆ ಬಂತು, ಆಮೇಲೆ ಕೆಳಗಿಂದ ಯಾರೋ ಸುತ್ತಿಗೆಯಲ್ಲಿ ಬಡಿದ ಶಬ್ದ, ಆಮೇಲೆ ಏನೂ ಇಲ್ಲ, ಎಂಜಿನ್ ಜಾಮ್, ಇಳಿದು ಕಡ್ಡಿ ಎಳೆದೆ, ಎಳೆಯಬೇಕಾದ ದಿನ ಎಳೆಯದೆ ಅವತ್ತು ಎಳೆದೆ, ಹಿಂದಿನ ಲಾರಿಯವರೆಲ್ಲ ಹಾರ್ನ್ ಹೊಡೆದು ಬೈದುಕೊಂಡು ಹೋದರು, ಕೋತಿಗಳು ಲೋಡಿನ ಮೇಲೆ ಹತ್ತಿ ಮೂಟೆ ಹರಿದು ಸಾಬಕ್ಕಿ ಬಾಯಿಗೆ ಹಾಕಿಕೊಂಡು ರುಚಿಯಿಲ್ಲ ಅಂತ ನನ್ನ ತಲೆಯ ಮೇಲೆ ಉಗಿದವು. ಮಧ್ಯಾಹ್ನ ಅಣ್ಣ ಕಾರಿನಲ್ಲಿ ಬಂದ, ಕಡ್ಡಿ ನೋಡಲೇ ಇಲ್ಲ, ರೇಡಿಯೇಟರ್ ಮುಚ್ಚಳ ತೆಗೆದು ಬೆರಳು ಹಾಕಿ ಒಣ ಬೆರಳನ್ನು ಎಲ್ಲರಿಗೂ ತೋರಿಸಿದ, ನೀರು ಹಾಕದೆ ಓಡಿಸಿದ್ದಾನೆ ನೋಡಿ ಅಂದ, ಒಣಗಿರದೆ ಏನು, ನೀರೆಲ್ಲ ಆಯಿಲ್‌ಗೆ ಹೋಗಿದೆಯಲ್ಲ, ಕೂಗಿದೆ, ಕಡ್ಡಿ ತೋರಿಸಿದೆ, ನೀರು ಇಲ್ಲದೆ ಕಾದದ್ದಕ್ಕೇ ಹೆಡ್ ಸೀಳಿದ್ದು ಅಂದ, ಅವನು ಅಂದದ್ದೂ ಕೇಳುವವರಿಗೆ ಸರಿಯಾಗಿಯೇ ಕೇಳಿಸಿತು, ಪಾವಾಯಿ ಊರೆಲ್ಲ ಹೇಳಿಕೊಂಡು ಬಂದಳು, ದೊಡ್ಡಣ್ಣ ಬಂಗಾರದಂಥ ಲಾರಿ ಕೊಟ್ಟ, ಸಣ್ಣಣ್ಣ ನೀರು ಹಾಕದೆ ಸುಟ್ಟ. ಅವತ್ತಿನಿಂದ ನಾನು ನೀರಿಲ್ಲದ ಸೆಂಗೋಡ, ಚಹಾದ ಅಂಗಡಿಯಲ್ಲಿ ಕೂತರೆ ಮೊದಲು ನೀರಿನ ಲೋಟ ಮುಂದಿಡುತ್ತಾರೆ, ಕುಡಿ ಸೆಂಗೋಡಾ, ಕಾದುಬಿಟ್ಟೀಯ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ಕುಡಿಯುತ್ತೇನೆ, ಇನ್ನೇನು ಮಾಡಲಿ, ಅದೇ ಜನ ಲಾರಿ ಕೊಳ್ಳುವಾಗ ಮಾತ್ರ ಓಡಿ ಬರುತ್ತಾರೆ, ಸೆಂಗೋಡನ ಮೂಗು ಅವರಪ್ಪನ ಮೂಗು, ಕರೀರಿ ಅವನನ್ನ. ಕೆಲಸಕ್ಕೆ ಬೇಕಾದದ್ದು ನನ್ನ ಮೂಗು ಮಾತ್ರ, ಮಿಕ್ಕ ನಾನು ಯಾರಿಗೂ ಬೇಡ.

ಸಣ್ಣಣ್ಣ, ಏನು ಅಷ್ಟು ಹೊತ್ತು, ರಾಹುಕಾಲ ಶುರುವಾಗುತ್ತೆ — ಪಾವಾಯಿ, ಅವಸರ ಅವಳಿಗೆ, ಇರು ಇರು ಅನ್ನುವ ಹಾಗೆ ತಲೆಯಾಡಿಸಿದೆ, ಒರೆಸಿಬಿಡಲೇ, ಎಷ್ಟು ಸುಲಭ, ಹೆಗಲಿನ ಮೇಲೆ ಟವಲಿದೆ, ಬೆಳಿಗ್ಗೆ ತಂಗಾಯಿ ನೀಲಿ ಹಾಕಿ ಒಗೆದ ಟವಲನ್ನು ಕೈಗೆ ಕೊಟ್ಟು ಹೇಳಿದಳು, ಒರೆಸಿ ಬಂದುಬಿಡು, ಬಾಯಿ ತೆಗೀಬೇಡ, ಈ ವಯಸ್ಸಲ್ಲಿ ಪಾತ್ರೆ ಚಾಪೆ ಹೊತ್ಕೊಂಡು ಇನ್ನೊಬ್ಬರ ಬಾಗಿಲು ಬಡಿಯೋಕೆ ನನ್ನ ಕೈಲಾಗಲ್ಲ, ಅವಳಿಗೆ ಏನೂ ಗೊತ್ತಿರಲಿಲ್ಲ, ಆದರೂ ಅವಳು ಅಂದಾಜು ಮಾಡುತ್ತಾಳೆ, ಅಣ್ಣ ನನ್ನನ್ನು ಎದುರಿಗೆ ಕರೆದು ಗೌರವ ಕೊಟ್ಟರೆ ಏನೋ ಇದೆ ಅಂತ ಅವಳ ಲೆಕ್ಕ, ತಪ್ಪಿದ್ದೇ ಇಲ್ಲ. ಒರೆಸಿದರೆ ಏನಾಗುತ್ತದೆ, ಪೂವರಸನ್ ಮೊದಲ ಲೋಡು ಹೇರುತ್ತಾನೆ, ಸಾಬಕ್ಕಿಯೇ ಅಂತೆ, ಅದೇ ಸೇಲಂ, ಅದೇ ಘಾಟಿ, ಬಿಳೀ ಹೊಗೆ ಬರುತ್ತದೆ, ಇಳಿದು ಕಡ್ಡಿ ಎಳೆಯುತ್ತಾನೆ, ಆಗ ಪಾವಾಯಿಗೆ ಫೋನು ಹೋಗುತ್ತದೆ, ಆಗ ಅವಳು ಯಾರ ಹತ್ತಿರ ಹೋಗಿ ಹೇಳುತ್ತಾಳೆ ನೋಡೋಣ, ದೊಡ್ಡಣ್ಣ ಬಂಗಾರದಂಥ ಲಾರಿ ಕೊಟ್ಟ, ನನ್ನ ಮಗ ನೀರು ಹಾಕದೆ ಸುಟ್ಟ, ಹೇಳಲಿ, ನಾನು ಕೇಳಬೇಕು, ಅವಳ ಬಾಯಿಂದಲೇ ಕೇಳಬೇಕು, ಎಷ್ಟೋ ವರ್ಷದಿಂದ ಕೇಳಬೇಕು ಅಂತ ಕಾದಿದ್ದೇನೆ, ನನಗೆ ಇದು ಬೇಕು, ಸುಳ್ಳೇಕೆ ಹೇಳಲಿ, ನನ್ನೊಳಗೆ ಯಾರೋ ಕುಣಿಯುತ್ತಿದ್ದಾರೆ, ನಾನೇನೂ ಮಾಡಬೇಕಾಗಿಲ್ಲ, ಮೋಸ ನನ್ನದಲ್ಲ, ಆಯಿಲ್ ನಾನು ಸುರಿದದ್ದಲ್ಲ, ಕೈ ಸ್ವಲ್ಪ ಮೇಲೆತ್ತಿ ಟವಲಿಗೆ ಒಂದು ಸಲ ಎಳೆದರೆ ಆಯಿತು, ಕಡ್ಡಿ ಟವಲಿನ ಹತ್ತಿರ ಹೋಗಿದೆ, ಬೆರಳೆರಡರಷ್ಟು ದೂರ.

ಹನಿ ಮತ್ತೆ ತುದಿಗೆ ಬಂತು. ಮಾವ, ನೀವು ಬೇಡ ಅಂದ್ರೆ ಬೇಡ — ಪೂವರಸನ್ ಈಗ ಅಂದದ್ದಲ್ಲ, ಕಳೆದ ವಾರ ಅಂದದ್ದು, ನಮ್ಮ ಕೋಣೆಯ ಹೊಸ್ತಿಲಲ್ಲಿ ಕೂತು, ತಂಗಾಯಿ ಬಡಿಸಿದ ಬೇಳೆಯನ್ನ ಉಣ್ಣುತ್ತ, ನಮ್ಮ ಕೋಣೆಗೆ ನೆಂಟರು ಯಾರೂ ಬಂದು ಉಣ್ಣುವುದಿಲ್ಲ, ಇವನು ಕೇಳಿ ಹಾಕಿಸಿಕೊಂಡ, ಅತ್ತೆ ಇನ್ನೊಂದು ಸೌಟು ಅಂದ, ತಂಗಾಯಿಗೆ ಹಿಡಿಸಲಾರದಷ್ಟು ಖುಷಿ, ಅಮ್ಮ ದೊಡ್ಡ ಮಾವ ಅಂತ ಕುಣೀತಾಳೆ, ನನಗೆ ನಿಮ್ಮ ಮಾತು ಸಾಕು ಮಾವ, ಅಂದವನು ಹೋಗುತ್ತ ಇನ್ನೊಂದು ಮಾತು ಹೇಳಿದ, ನಾಚಿಕೊಂಡು, ಲಾರಿಯ ಹಣೆಪಟ್ಟಿಗೆ ಹೆಸರು ಬರೆಸೋಕೆ ಹೇಳಿಬಿಟ್ಟಿದ್ದೀನಿ ಅಂತ, ಅಣ್ಣನ ಕೋಣೆಯಲ್ಲಿ ಕೂತು ಬೇಡ ಅನ್ನಲು ಧೈರ್ಯ ಬರಲಿಲ್ಲ ನನಗೆ, ನೋಡೋಣ ಅಂದುಬಿಟ್ಟೆ. ಬರೆಸಿದ್ದಾನೆ, ಇಲ್ಲೇ ನನ್ನ ತಲೆಯ ಮೇಲೆ ಇದೆ, ಗಾಜಿನ ಮೇಲ್ಗಡೆ ಹಳದಿ ಬಣ್ಣದಲ್ಲಿ ಪಾವಾಯಿ ಅಂತ, ಎರಡು ಪಕ್ಕ ಎರಡು ನವಿಲು, ಬಣ್ಣ ಇನ್ನೂ ಆರಿಲ್ಲ, ಅದರ ವಾಸನೆಯೂ ಬರುತ್ತಿದೆ, ಬಣ್ಣದ ವಾಸನೆ, ಬೇವಿನ ವಾಸನೆ, ಇವನ ತಲೆಯ ಕೊಬ್ಬರಿ ಎಣ್ಣೆಯ ವಾಸನೆ, ಹಾಳಾದ ಮೂಗು, ಅಪ್ಪ ನನಗೆ ಹೊಲ ಬಿಡಲಿಲ್ಲ, ಮನೆ ಬಿಡಲಿಲ್ಲ, ಇದೊಂದು ಮೂಗು ಬಿಟ್ಟು ಹೋದ. ಇವನು ಆ ಘಾಟಿಯಲ್ಲಿ ನಿಲ್ಲುವುದನ್ನು ನೋಡಬೇಕೆ ನಾನು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಕಡ್ಡಿಯ ತುಂಬ ಹಾಲು ಕಾಫಿ ಹಿಡಿದುಕೊಂಡು, ಎಲ್ಲರಿಗೂ ತೋರಿಸಿ ತೋರಿಸಿ, ಯಾರೂ ನೋಡದೆ — ಬೇಡ, ಪಾವಾಯಿಯ ಬಾಯಿಂದ ಆ ಮಾತು ಕೇಳುವ ಆಸೆ ನನಗೆ ಬೇಡ, ಈ ಬೆಲೆಗೆ ಬೇಡ, ಎಂಥ ಕರ್ಮ, ಸೇಡು ಕೂಡ ನನಗೆ ಸರಿಯಾಗಿ ದಕ್ಕುವುದಿಲ್ಲ.

ಇದು ಈ ಎಂಜಿನ್ನಿನ ಆಯಿಲ್ ಅಲ್ಲ. ಹೇಳಿದೆ, ಹೇಳಿದವನು ನಾನೇ, ಇನ್ನೊಮ್ಮೆ ಹೇಳಿದೆ, ಇದು ನನ್ನ ಡ್ರಮ್ಮಿನ ಆಯಿಲ್, ಹಲಗೆಗೆ ಬಳಿಯೋದು, ಬೇವಿನೆಣ್ಣೆ ಬೆರೆಸಿದ್ದು, ಬೇವಿನ ವಾಸನೆ ಬರ್ತಿದೆ, ಒಳಗಿದ್ದದ್ದನ್ನ ಬಸಿದು ಇದನ್ನ ಸುರಿದಿದ್ದಾರೆ, ಇದರ ಹೆಡ್ ಹೋಗಿದೆ, ನೀರು ಆಯಿಲ್‌ಗೆ ಹೋಗ್ತಿದೆ, ಪೂವರಸಾ, ಬೇಡ. ತಟ್ಟೆಯ ಮೇಲಿನ ನಿಂಬೆಹಣ್ಣು ಒಂದು ಉರುಳಿ ಕೆಳಗೆ ಬಿತ್ತು, ಯಾರೂ ಎತ್ತಲಿಲ್ಲ, ಅಣ್ಣ ಬಂಪರ್ ಬಿಟ್ಟು ಬಂದ, ಕೋಪವಿಲ್ಲ, ಕೋಪ ಮಾಡಿಕೊಂಡಿದ್ದರೆ ಬದುಕುತ್ತಿದ್ದೆ, ಅವನ ಮುಖದಲ್ಲಿ ಬರೀ ಅಯ್ಯೋ ಅನ್ನುವ ಮರುಕ, ನನ್ನ ಹೆಗಲ ಮೇಲೆ ಕೈ ಇಟ್ಟ, ತಮ್ಮಾ, ನಿನ್ನ ಕೈ ಮೂಸಿ ನೋಡ್ಕೋ. ಏನು ಅಂದೆ. ಕೈ ಮೂಸು, ದಿನಾ ಬೇವಿನೆಣ್ಣೆಯಲ್ಲಿ ಅದ್ದಿರೋ ಕೈ, ಎಲ್ಲಿ ಮೂಸಿದ್ರೂ ಬೇವೇ ಬರುತ್ತೆ. ಹಾಗಾದರೆ ಗೊತ್ತಿತ್ತೇ ಇವನಿಗೆ, ಡ್ರಮ್ಮಿನ ಬೇವು ಗೊತ್ತಿತ್ತೇ, ಇಲ್ಲ, ಈಗ ನನ್ನ ಬಾಯಿಂದಲೇ ಕೇಳಿ ಈಗಲೇ ಹೊಸೆದ, ನಾನು ಕೊಟ್ಟ ದಾರದಲ್ಲೇ ನನ್ನನ್ನು ಕಟ್ಟಿದ, ಎಡಗೈ ಮೂಸಿದೆ, ಕಡ್ಡಿ ಮುಟ್ಟದ ಎಡಗೈ, ಬೇವು, ಮುಂಗೈ ಮೂಸಿದೆ, ಬೇವು, ಉಗುರಿನೊಳಗೆ ಬೇವು, ನನ್ನ ಮೈಯೆಲ್ಲ ಬೇವು, ಎಲ್ಲರೂ ನೋಡುತ್ತಿರುವಾಗ ನಾಯಿಯ ಹಾಗೆ ನನ್ನನ್ನೇ ನಾನು ಮೂಸಿಕೊಂಡು ನಿಂತೆ.

ಬಟ್ಟೆ ತನ್ನಿ ಅಂದೆ, ಯಾವುದಾದರೂ ಬಿಳೀ ಬಟ್ಟೆ, ಟವಲಿಗೆ ತಾಕಿಸುವಂತಿಲ್ಲ, ತಾಕಿದರೆ ಒಪ್ಪಿದ ಹಾಗೆ, ಬೇರೆ ಬಟ್ಟೆ ತನ್ನಿ, ಒಂದು ಹನಿ ಬಿಟ್ಟು ಕಾಯೋಣ, ಎಲೆಯಡಿಕೆ ಜಗಿಯುವಷ್ಟು ಹೊತ್ತು ಸಾಕು, ಅಪ್ಪ ಹಾಗೇ ಮಾಡುತ್ತಿದ್ದ, ಒರೆಸುವುದು ಒಪ್ಪಿಗೆಗೆ ಅಂತ ಈಗಿನವರ ನಂಬಿಕೆ, ಅಪ್ಪನ ಕಾಲದಲ್ಲಿ ಒರೆಸುತ್ತಿದ್ದದ್ದು ನೋಡುವುದಕ್ಕೆ, ಬಿಳೀ ಬಟ್ಟೆಗೆ ಒರೆಸಿ ಅದನ್ನು ಮಡ್‌ಗಾರ್ಡಿನ ಮೇಲೆ ಹರಡಿ ಎಲೆಯಡಿಕೆ ಜಗಿಯುತ್ತ ಕೂರುತ್ತಿದ್ದ, ಕಲೆ ನಿಧಾನಕ್ಕೆ ಅರಳುತ್ತಿತ್ತು, ಮಸಿ ನಡುವೆ ನಿಲ್ಲುತ್ತದೆ, ಬೆರಕೆ ಇದ್ದರೆ ಅದು ಹೊರಗೆ ಸರಿದು ಸುತ್ತ ಬಳೆಯ ಹಾಗೆ ಬರುತ್ತದೆ, ಡೀಸೆಲ್ಲಿಗೆ ಒಂದು ಬಳೆ, ನೀರಿಗೆ ಇನ್ನೊಂದು, ಆಮೇಲೇ ಅಪ್ಪ ಎದ್ದು ಹೂಂ ಅಥವಾ ಊಹೂಂ ಅನ್ನುತ್ತಿದ್ದ, ಅಪ್ಪ ಹೋದ, ಕಾಯುವುದು ಹೋಯಿತು, ಒರೆಸುವುದು ಉಳಿಯಿತು. ರಾಹುಕಾಲ ಅಂದ ಅಣ್ಣ, ಅಷ್ಟೇ ಅಂದ, ಗಡಿಯಾರ ನೋಡಿಕೊಂಡು, ಬೇಡ ಅಂದ್ರೆ ಬೇಡ ಪಾವಾಯಿ, ನನಗೇನೂ ಬೇಜಾರಿಲ್ಲ, ಹೊರಗಿನವರು ಕೇಳ್ತಿದ್ದಾರೆ, ಮನೆಯಲ್ಲೇ ಇರಲಿ ಅಂತ ನಾನು — ಮಾತು ಮುಗಿಸಲಿಲ್ಲ, ಪಾವಾಯಿಯ ಕಣ್ಣು ಮತ್ತೆ ತುಂಬಿತು. ಪೂವರಸನ್ನನ್ನು ನೋಡಿದೆ, ನೀವು ಬೇಡ ಅಂದ್ರೆ ಬೇಡ ಅಂದವನು, ಅನ್ನು ಈಗ, ಅಂದುಬಿಡು ಕಂದ, ಅವನು ನನ್ನನ್ನು ನೋಡಲಿಲ್ಲ, ಹಣೆಪಟ್ಟಿಯ ಮೇಲಿನ ಅಮ್ಮನ ಹೆಸರನ್ನು ನೋಡಿದ, ನವಿಲನ್ನು ನೋಡಿದ, ಬಗ್ಗಿ ಬಿದ್ದ ನಿಂಬೆಹಣ್ಣನ್ನು ಎತ್ತಿ ಮಣ್ಣು ಒರೆಸಿ ಮತ್ತೆ ತಟ್ಟೆಗೆ ಇಟ್ಟ, ತಲೆ ಎತ್ತಲೇ ಇಲ್ಲ. ಅವನಿಗೆ ಲಾರಿ ಬೇಕು. ನನಗೂ ಬೇಕಾಗಿತ್ತು, ಅವತ್ತು ಕಡ್ಡಿ ಬಿಟ್ಟದ್ದು ಮರ್ಯಾದೆಗೆ ಮಾತ್ರವೇನು, ಹೊಸ ಲಾರಿ ಕೈ ತಪ್ಪಿಹೋದೀತು ಅಂತಲೂ ಅಲ್ಲವೆ.

ನಿನ್ನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ ಅಲ್ಲವಾ ಸಣ್ಣಣ್ಣ, ಪಾವಾಯಿ ಕೂಗಲಿಲ್ಲ, ಮೆಲ್ಲಗೆ ಕೇಳಿದಳು, ನಿನ್ನ ಲಾರಿ ನೀನು ಸುಟ್ಟುಕೊಂಡೆ, ಈಗ ನನ್ನ ಮಗನಿಗೆ ಒಂದು ಆಗೋದನ್ನ ನೋಡೋಕಾಗಲ್ಲ ನಿನಗೆ. ಅವಳು ಬಂದು ನನ್ನ ಕೈಯಿಂದ ಕಡ್ಡಿ ಕಿತ್ತುಕೊಂಡಳು, ಅವತ್ತು ರಟ್ಟೆ ಹಿಡಿದ ಅದೇ ಕೈ, ಈಗ ಬಳೆಯಿಲ್ಲ, ಹಿರಿಯ ಒರೆಸದಿದ್ರೆ ತಾಯಿ ಒರೆಸ್ತಾಳೆ, ಅಂದಳು, ಬಿಳೀ ಸೆರಗನ್ನು ಎಡಗೈಗೆ ಸುತ್ತಿಕೊಂಡು ಕಡ್ಡಿಯನ್ನು ಅದರೊಳಗೆ ಹಿಡಿದು ಬುಡದಿಂದ ತುದಿಯವರೆಗೆ ಒಂದೇ ಸಲ ಎಳೆದಳು, ಹನಿ ಹೋಯಿತು, ನಾನು ಇಷ್ಟು ಹೊತ್ತು ಬೀಳದಂತೆ ಹಿಡಿದುಕೊಂಡಿದ್ದ ಹನಿ, ಬಿಳೀ ಬಟ್ಟೆಯ ಮೇಲೆ ಕರ್ರಗಿನ ಒಂದು ಬರೆ. ಆಯ್ತು. ಕಾಯಿ ಒಡೀರಿ, ಅಂದ ಅಣ್ಣ. ನನ್ನ ಪಕ್ಕ ಹಾದು ಹೋಗುವಾಗ ಮೆತ್ತಗೆ, ನನಗೊಬ್ಬನಿಗೇ ಕೇಳುವ ಹಾಗೆ, ಸಂಜೆ ಮಾತಾಡೋಣ ತಮ್ಮಾ ಅಂದ, ತಂಗಾಯಿ ಪಾತ್ರೆ ಕಟ್ಟಬೇಕು, ಚಾಪೆ ಸುತ್ತಬೇಕು, ಅವಳಿಗೆ ಏನಂತ ಹೇಳಲಿ, ಬಾಯಿ ತೆಗೆದೆ ಕಣೇ ಅಂತಲೇ.

ಕಾಯಿ ಒಡೆಯಿತು, ನೀರು ಚಿಮ್ಮಿತು, ನಿಂಬೆಹಣ್ಣು ಚಕ್ರದಡಿಗೆ ಹೋಯಿತು, ಪೂವರಸನ್ ಹತ್ತಿ ಕೂತು ಕೀಲಿ ತಿರುಗಿಸಿದ, ಎಂಜಿನ್ ಹಿಡಿಯಿತು, ಚೆನ್ನಾಗಿಯೇ ಹಿಡಿಯಿತು, ಹಿಡಿಯದೆ ಏನು, ಡ್ರಮ್ಮಿನ ಆಯಿಲ್ ಸಮತಟ್ಟು ನೆಲದ ಮೇಲೆ ಮೋಸ ಮಾಡುವುದಿಲ್ಲ, ಏರಿನಲ್ಲಿ ಗೊತ್ತಾಗುತ್ತದೆ, ನೀರಿನ ದಾರಿ ಏರಿನಲ್ಲಿ ತೆರೆಯುತ್ತದೆ, ಅಣ್ಣ ಚಪ್ಪಾಳೆ ತಟ್ಟಿದ, ಪಾವಾಯಿ ನನಗೆ ಬೆನ್ನು ಹಾಕಿ ನಿಂತಿದ್ದಾಳೆ, ಸೆರಗನ್ನು ಬೆನ್ನ ಮೇಲೆ ಎಸೆದುಕೊಂಡಿದ್ದಾಳೆ, ಕಲೆ ನನ್ನ ಕಣ್ಣೆದುರಿಗೇ ಇದೆ, ಕೈ ಚಾಚಿದರೆ ಸಿಗುತ್ತದೆ, ಕಪ್ಪಗಿದೆ, ಬರೀ ಕಪ್ಪು, ನಾನು ಏನೂ ಮಾಡದೆ ನಿಂತಿದ್ದೇನೆ, ಅಪ್ಪ ನಿಲ್ಲುತ್ತಿದ್ದ ಹಾಗೆ, ಬಾಯಲ್ಲಿ ಎಲೆಯಡಿಕೆಯೊಂದು ಇಲ್ಲ, ಲಾರಿ ಹಿಂದಕ್ಕೆ ಬಂತು, ಮುಂದಕ್ಕೆ ಹೋಯಿತು, ನಿಂಬೆಹಣ್ಣು ನಜ್ಜಾಯಿತು, ಅಷ್ಟು ಹೊತ್ತಿಗೆ ಕಪ್ಪಿನ ಅಂಚು ಸಡಿಲವಾಯಿತು, ಕಣ್ಣು ಮಂಜಾಯಿತೇನೋ ಅಂದುಕೊಂಡು ಒರೆಸಿಕೊಂಡೆ, ಇಲ್ಲ, ಕಪ್ಪು ಅಲ್ಲೇ ನಿಂತಿದೆ, ಅದರಿಂದ ಏನೋ ಹೊರಗೆ ಸರಿಯುತ್ತಿದೆ, ತೆಳ್ಳಗೆ, ನಿಧಾನಕ್ಕೆ, ಹಳದಿ, ಹಸಿರು ಬೆರೆತ ಹಳದಿ, ಬೇವಿನೆಣ್ಣೆಯ ಬಣ್ಣ, ಕೈಯ ವಾಸನೆಗೆ ಬಣ್ಣವಿಲ್ಲ ಅಣ್ಣಾ, ನೋಡು, ಇದಕ್ಕೆ ಬಣ್ಣ ಇದೆ, ಪಾವಾಯಿ ಅಂದೆ, ಪಾವಾಯಿ, ಸೆರಗು ನೋಡು, ಒಂದು ಸಲ ಸೆರಗು ನೋಡು. ಅವಳು ತಿರುಗಲಿಲ್ಲ, ಲಾರಿಯ ಸದ್ದಿನಲ್ಲಿ ನನ್ನ ಮಾತು ಅರ್ಧ ಕೇಳಿಸಿತು ಅಂತ ಕಾಣುತ್ತದೆ, ಒಗೆದರೆ ಹೋಗುತ್ತೆ ಬಿಡು ಅಂದಳು, ಮಗನಿಗೆ ಕೈ ಎತ್ತಿ ಬೀಸಿದಳು, ಲಾರಿ ಗೇಟು ದಾಟಿತು, ಸೇಲಂ ಕಡೆ ತಿರುಗಿತು, ಅವಳು ಇನ್ನೂ ಬೀಸುತ್ತಿದ್ದಾಳೆ, ಕೈ ಜೊತೆ ಸೆರಗು ಏಳುತ್ತದೆ, ಇಳಿಯುತ್ತದೆ, ಬಿಳಿಯ ಮೇಲೆ ಕಪ್ಪು, ಕಪ್ಪಿನ ಸುತ್ತ ಹಳದಿ ಬಳೆ, ಏಳುತ್ತದೆ, ಇಳಿಯುತ್ತದೆ, ಬಳೆ 
ದೊಡ್ಡದಾಗುತ್ತಿದೆ